ಸಮಾರಂಭಕ್ಕಾಗಿ ಕಾದ ಗಾಲಿಕುರ್ಚಿ

ನಾನು ಒಂದು ಗಾಲಿಕುರ್ಚಿ. ಕಬ್ಬಿಣದ ಕೊಳವೆಗಳನ್ನು ಬಗ್ಗಿಸಿ, ಬೆಸೆದು, ಎರಡು ದೊಡ್ಡ ಚಕ್ರ, ಎರಡು ಪುಟ್ಟ ಚಕ್ರ ಜೋಡಿಸಿ ನನ್ನನ್ನು ಮಾಡಿದರು. ಕಾರ್ಖಾನೆಯಲ್ಲಿ ನನ್ನ ಮೇಲೆ ಮೊದಲು ಕೂತದ್ದು ಒಂದು ಮರಳಿನ ಮೂಟೆ. ಅದಕ್ಕೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಆಮೇಲೆ ಕೂತವರಿಗೆಲ್ಲ ಹೋಗಬೇಕಿತ್ತು.

ತಿಪಟೂರಿನ ಕೊಬ್ಬರಿ ವ್ಯಾಪಾರಿ ಮರುಳಪ್ಪನವರಿಗೆ ಲಕ್ವ ಹೊಡೆದಾಗ ಅವರ ಹೆಂಡತಿ ಶಿವಗಂಗಮ್ಮ ನನ್ನನ್ನು ಕೊಂಡು ತಂದರು. ನಾಲ್ಕು ವರ್ಷ ಅವರನ್ನು ಹೊತ್ತೆ. ಅವರು ತೀರಿಕೊಂಡ ಮೇಲೆ ಆಕೆ ನನ್ನನ್ನು ತಿಕ್ಕಿ ತೊಳೆದು, ಹೊಸ ದಿಂಬು ಹೊಲಿದು, ಬೀದಿಯ ಕೊನೆಯಲ್ಲಿ ಸೊಂಟ ಮುರಿದುಕೊಂಡಿದ್ದ ಅಜ್ಜಿಯ ಮನೆಗೆ ಕಳಿಸಿದರು. ಶುರುವಾದದ್ದು ಹಾಗೆ. ಒಂಬತ್ತು ವರ್ಷದಲ್ಲಿ ಹದಿನಾಲ್ಕು ಮನೆ ಕಂಡೆ. ಶಿವಗಂಗಮ್ಮ ಯಾರ ಜಾತಿಯನ್ನೂ ಕೇಳಲಿಲ್ಲ. ಯಾವಾಗ ವಾಪಸ್ಸು ತರುತ್ತೀರಿ ಎಂದೂ ಕೇಳಲಿಲ್ಲ. ತಂದವರಿಗೆ ಕಾಫಿ ಕೊಡುತ್ತಿದ್ದರು. ರೋಗಿ ನಡೆದಾಡುವಂತಾದರೋ, ಹೋಗಿಯೇಬಿಟ್ಟರೋ ಎಂಬುದನ್ನು ಅವರ ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದರು.

ಮಗ ಪಂಚಾಕ್ಷರಿ ಕೆಟ್ಟವನಲ್ಲ. ಅಪ್ಪನ ಹೆಸರಿನಲ್ಲಿ ಸೇವಾ ಟ್ರಸ್ಟ್ ಮಾಡಿದ. ಆಗ ನನಗೆ ಹೊಸ ಬಣ್ಣ ಬಂತು. ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ ಟ್ರಸ್ಟಿನ ಹೆಸರು, ಮೈತುಂಬ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೊಂದು ಕೆಂಪು ರಿಬ್ಬನ್. ಮರುಳಪ್ಪನವರ ಪುಣ್ಯಸ್ಮರಣೆಯ ದಿನ ಶಾಸಕರ ಕೈಯಿಂದ ನನ್ನ ‘ವಿತರಣೆ’ಯಂತೆ. ಇಷ್ಟು ವರ್ಷ ಯಾರೂ ವಿತರಿಸದೆಯೇ ಊರೆಲ್ಲ ತಿರುಗಿದ ನಾನು ನಡುಮನೆಯಲ್ಲಿ ಗೊಂಬೆಯಂತೆ ನಿಂತೆ.

ಅಂಥ ಒಂದು ಬೆಳಿಗ್ಗೆ ನನ್ನನ್ನು ಕೇಳಿಕೊಂಡು ಚಿಕ್ಕಣ್ಣ ಬಂದ. ಮೊದಲು ಇವರ ಕೊಬ್ಬರಿ ಮಂಡಿಯಲ್ಲೇ ತೆಂಗಿನಕಾಯಿ ಸುಲಿಯುತ್ತಿದ್ದವನು. ಅವನ ಹೆಂಡತಿ ಪುಟ್ಟಲಕ್ಷ್ಮಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಒಂದು ಕಾಲು ತೆಗೆದಿದ್ದರು.

“ಇನ್ನು ಹನ್ನೆರಡು ದಿನ ಅಷ್ಟೇ ಚಿಕ್ಕಣ್ಣ,” ಎಂದ ಪಂಚಾಕ್ಷರಿ. “ಪಟ್ಟೀಲಿ ಮೊದಲ್ನೇ ಹೆಸರು ನಿಮ್ಮವರದೇ. ವೇದಿಕೆ ಮೇಲೇ ಕೊಡಿಸ್ತೀನಿ.”

ಚಿಕ್ಕಣ್ಣ ತಲೆಯಾಡಿಸಿದ. ನನಗೆ ಮೈ ಉರಿಯಿತು. ಕೊಡುವವರಿಗೆ ಮುಹೂರ್ತ ಬೇಕು. ಕಾಯಿಲೆ ಮುಹೂರ್ತ ನೋಡಿ ಬಂದಿತ್ತೇ?

ಅಷ್ಟರಲ್ಲಿ ಶಿವಗಂಗಮ್ಮ ಹೊರಗೆ ಬಂದರು. “ಮನೇಲಿ ಹೆಂಗ್ ಮಾಡ್ಕೊಂಡಿದೀಯಪ್ಪ?”

“ಹಿತ್ಲಿಗೆ ನಾನೇ ಎತ್ಕೊಂಡೋಯ್ತೀನಿ ಅಮ್ಮಾರೆ. ಒಂದ್ಸಲ ಇಬ್ರೂ ಬಿದ್ವಿ. ಅವತ್ತಿಂದ ಅವ್ಳು ನೀರು ಕುಡಿಯೋದ್ನೇ ಬಿಟ್ಟವ್ಳೆ. ಕುಡಿದ್ರೆ ಹೋಗ್ಬೇಕಾಯ್ತದಲ್ಲ.”

ಶಿವಗಂಗಮ್ಮ ಒಳಗೆ ಹೋಗಿ ಚಾಕು ತಂದರು. ರಿಬ್ಬನ್ ಕತ್ತರಿಸಿ, ಪ್ಲಾಸ್ಟಿಕ್ ಹರಿದರು.

“ಅಮ್ಮ, ಕಾರ್ಡಲ್ಲಿ ಗಾಲಿಕುರ್ಚಿ ವಿತರಣೆ ಅಂತ ಅಚ್ಚಾಕ್ಸಿದೀನಿ.”

“ಹಂಗಾದ್ರೆ ನೀನೇ ಹೋಗಿ ವೇದಿಕೆ ಮೇಲೆ ಕೂತ್ಕೊ. ನಿಮ್ಮಪ್ಪನ್ನ ಒಂದಿನ ಬಚ್ಚಲಿಗೆ ಎತ್ಕೊಂಡೋಗಿದ್ದಕ್ಕೆ ಮೂರು ದಿನ ಸೊಂಟ ಸೊಂಟ ಅಂದೋನು ನೀನು.”

ಪಂಚಾಕ್ಷರಿ ಬಾಗಿಲಿಂದ ಸರಿದು ನಿಂತ. ಆಕೆಯೇ ನನ್ನನ್ನು ಬೀದಿಗಿಳಿಸಿ ತಳ್ಳಿಕೊಂಡು ನಡೆದರು. ಚಿಕ್ಕಣ್ಣನ ಮನೆ ತಲುಪುವಷ್ಟರಲ್ಲಿ ಬಿಸಿಲಿಗೆ ನನ್ನ ಕೈಗಳು ಕಾದಿದ್ದವು. ಚಿಕ್ಕಣ್ಣ ತನ್ನ ಹೆಗಲ ಮೇಲಿನ ಟವೆಲನ್ನು ನೀರಲ್ಲಿ ಅದ್ದಿ ಒರೆಸಿದ ಮೇಲೇ ಹೆಂಡತಿಯನ್ನು ಕೂರಿಸಿದ. ಪುಟ್ಟಲಕ್ಷ್ಮಮ್ಮ ತಾನೇ ಚಕ್ರ ತಿರುಗಿಸಿಕೊಂಡು ಹಿತ್ತಲಿಗೆ ಹೋಗಿ ಬಂದಳು. ಬಂದವಳೇ ಒಂದು ಚೊಂಬು ನೀರು ಕೇಳಿ, ಪೂರ್ತಿ ಕುಡಿದಳು. ಚಿಕ್ಕಣ್ಣ ಗೋಡೆಯ ಕಡೆ ತಿರುಗಿ ನಿಂತಿದ್ದ.

ನಾನು ಅವಳ ಜೊತೆ ಐದು ವರ್ಷ ಇದ್ದೆ. ಈಗ ನನ್ನ ಒಂದು ಚಕ್ರ ಸೊಟ್ಟಗಾಗಿದೆ. ಮಂಡಿಯ ಗೋದಾಮಿನ ಮೂಲೆಯಲ್ಲಿ ಕೊಬ್ಬರಿ ಚೀಲಗಳಿಗೆ ಒರಗಿದ್ದೇನೆ. ಎದುರಿಗೆ ಟ್ರಸ್ಟಿನ ಆರು ಹೊಸ ಕುರ್ಚಿಗಳು ಎರಡು ತಿಂಗಳಿಂದ ನಿಂತಿವೆ. ಶಾಸಕರಿಗೆ ಬಿಡುವಿಲ್ಲವಂತೆ. ನನ್ನ ತುಕ್ಕಿಗೆ ನನಗೆ ಬೇಸರವಿಲ್ಲ, ಅದು ದುಡಿದು ಬಂದದ್ದು. ಆ ಹೊಸಬರ ಹೊಳಪನ್ನು ನೋಡಿದರೆ ಮಾತ್ರ ಸಿಟ್ಟು ಬರುತ್ತದೆ. ಆರು ಕುರ್ಚಿ ಇಲ್ಲಿ ನಿಂತಿವೆ ಎಂದರೆ ಆರು ಜನ ಎಲ್ಲೋ ತೆವಳುತ್ತಿದ್ದಾರೆ.

ಇಗೋ, ಶಿವಗಂಗಮ್ಮ ಕೋಲೂರಿಕೊಂಡು ಬಂದರು. ಹಿಂದೆಯೇ ಮಗ.

“ಮುಂದಿನ ವಾರ ಖಂಡಿತ ಡೇಟ್ ಕೊಡ್ತಾರೆ ಅಮ್ಮ.”

“ಲಗೇಜ್ ಆಟೋ ಕರೆಸಿದೀನಿ. ಆರೂ ಈಗ್ಲೇ ಹೋಗ್ತವೆ.”

“ಮತ್ತೆ ಫೋಟೋ?”

“ಖಾಲಿ ಗೋದಾಮಿಂದು ತೆಗ್ಸು.”