ಯಾಸೀನ್ ಮುಗಿಯುವ ತನಕ

ಹೆಗಲಿಗೇರಿಸಿದ ಅಪ್ಪನ ಶವದ ಜನಾಜಾವನ್ನು ನಿಸಾರ್ ಮತ್ತೆ ಅಂಗಳದ ಬೆಂಚಿನ ಮೇಲೆ ಇಳಿಸಿದ.

"ಅಪ್ಪ ಯಾರ ಮನಸ್ಸಾದ್ರೂ ನೋಯಿಸಿದ್ರೆ ಮಾಫ್ ಮಾಡಿ" ಎಂದು ಅವನು ಕೇಳಿದಾಗ ನೆರೆದವರೆಲ್ಲ "ಮಾಡಿದ್ವಿ, ಮಾಡಿದ್ವಿ" ಅಂದಿದ್ದರು. ತೀರಿಹೋದ ಗಫಾರ್ ಸಾಬರು ರಿಪೇರಿ ಮಾಡಿದ ಸ್ಟೌ ಉರಿಯದ ಮನೆ ಹೊಸನಗರದ ಆ ಬೀದಿಯಲ್ಲಿರಲಿಲ್ಲ. ಕಿಟಕಿಯೊಳಗೆ ಕೂತಿದ್ದ ಅವರ ತಂಗಿ, ನಿಸಾರನ ಸೋದರತ್ತೆ ಜೈತುನ್‌ಬಿ ಮಾತ್ರ ತುಟಿ ಬಿಚ್ಚಿರಲಿಲ್ಲ.

"ಫುಫೂ, ಒಂದು ಮಾತು ಅಂದ್ಬಿಡಿ. ಜನ ಕಾಯ್ತಿದಾರೆ." ನಿಸಾರ್ ಕಿಟಕಿಯ ಹತ್ತಿರ ಬಂದ.

"ಕಾಯ್ಲಿ. ನಾನು ಕಾದಿಲ್ವಾ?"

ಪಕ್ಕದ ಮನೆಯ ಹೂವಮ್ಮ ಮೊಣಕೈಯಿಂದ ತಿವಿದಳು. "ಹೋದೋರ ಮೇಲೆ ಎಂಥ ಸಿಟ್ಟು ಜೈತುನಕ್ಕಾ? ಇಷ್ಟು ವರ್ಷ ರೊಟ್ಟಿ ಬಡಿದು ಹಾಕಿದೀಯ."

"ರೊಟ್ಟಿಗೆ ಉಪ್ಪು ಹಾಕಿದ್ದೆ ಹೂವಮ್ಮಾ. ಮಾಫಿ ಹಾಕಿರ್ಲಿಲ್ಲ."

*

ಆಗಿನ್ನೂ ಹುಡುಗಿಯಾಗಿದ್ದ ಜೈತುನಳ ಮದುವೆಗೆ ವಾರವಿರುವಾಗ ಅಣ್ಣ ತೀರ್ಥಹಳ್ಳಿಯ ಬೇಕರಿ ಸತ್ತಾರನಿಗೆ ನಿಶ್ಚಿತಾರ್ಥದ ಸೀರೆ ವಾಪಸು ಕಳಿಸಿದ್ದ. "ಯಾಕೆ ಭಾಯ್?" ಎಂದಳು ಜೈತುನ್. ತನ್ನ ಅಪ್ಪ ಬೆಳಗಿನ ಜಾವ ಓದುತ್ತಿದ್ದ ಕುರ್‌ಆನ್ ಕೇಳಿಯೇ ಬೆಳೆದವಳು.

"ಕುರ್‌ಆನಲ್ಲಿ ಅಲಿಫ್ ಲಾಮ್ ಮೀಮ್ ಅಂತ ಬರೀ ಅಕ್ಷರ ಓದ್ತೀಯಲ್ಲ, ಅದರ ಅರ್ಥ ಏನು?" ಅಂದ ಅಣ್ಣ.

"ಅಲ್ಲಾಹ್‌ಗೇ ಗೊತ್ತು."

"ಕೇಳದೇ ತಲೆ ಬಾಗ್ತೀಯ ತಾನೆ? ಇದೂ ಹಂಗೇ."

ಅವಳು ತಲೆ ಬಾಗಿದಳು. ಸತ್ತಾರ್ ಸಾಗರದ ಹುಡುಗಿಯನ್ನು ಮದುವೆಯಾದ. ಅವಳು ಅಣ್ಣನ ಮನೆಯಲ್ಲೇ ಉಳಿದಳು. ಎಷ್ಟೋ ವರ್ಷಗಳ ಮೇಲೆ, ಹಿಟ್ಟು ನಾದುತ್ತಿದ್ದಾಗ, ಅವಳಿಗೆ ಸಿಟ್ಟು ನೆತ್ತಿಗೇರಿತು. ಆ ಅಕ್ಷರಗಳ ಗುಟ್ಟು ಅಲ್ಲಾಹನದ್ದು. ಸ್ಟೌ ರಿಪೇರಿಯವನಿಗೆ ಅದನ್ನು ಬಾಡಿಗೆಗೆ ಕೊಟ್ಟವರ್ಯಾರು?

*

"ಯಾಕೆ ಫುಫೂ? ಕಾರಣ ಆದ್ರೂ ಹೇಳಿ." ನಿಸಾರ್ ಕಿಟಕಿಯ ಸರಳು ಹಿಡಿದ.

ಇಷ್ಟು ವರ್ಷ ಅವಳು ಕಾದಿದ್ದು ಯಾರಾದರೂ ತನ್ನನ್ನು ಕೇಳುವ ಈ 'ಯಾಕೆ'ಗೇ.

ಜೈತುನ್‌ಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದುರಿದ್ದ ಕುರ್‌ಆನ್ ತೆರೆದಳು. ಸತ್ತವರಿಗಾಗಿ ಓದುವ ಯಾಸೀನ್ ಅಧ್ಯಾಯ. ಅದು ಶುರುವಾಗುವುದೂ ಯಾರೂ ಅರ್ಥ ಬಿಡಿಸದ ಎರಡು ಅಕ್ಷರಗಳಿಂದಲೇ. ಓದುವವರನ್ನು ನಡುವೆ ಮಾತಾಡಿಸುವಂತಿಲ್ಲ. ಈ ಮನೆಯಲ್ಲಿ ಅದು ಅಣ್ಣನೇ ಹಾಕಿದ ಕಟ್ಟಳೆ.

"ಯಾ... ಸೀ...ನ್..."

ತನ್ನ ಅಪ್ಪ ಎಳೆಯುತ್ತಿದ್ದ ಹಾಗೇ ಎಳೆದಳು, ಉಸಿರು ತೀರುವ ತನಕ. ಅಂಗಳದ ಗಂಡಸರು ತಲೆ ತಗ್ಗಿಸಿದರು. ನಿಸಾರ್ ತೆರೆದ ಬಾಯಿ ಮುಚ್ಚಿದ. ಮಸೀದಿಯಲ್ಲಿ ನಮಾಜಿನ ಹೊತ್ತು ಮೀರುತ್ತಿತ್ತು. ಕೊನೆಗೆ ಹಿರಿಯರೊಬ್ಬರು ಕಣ್ಣಲ್ಲೇ ಸನ್ನೆ ಮಾಡಿದರು. ಅವಳ ಮಾಫಿ ಇಲ್ಲದೆಯೇ ಜನಾಜಾ ಎದ್ದಿತು.

ಬೀದಿಯ ತಿರುವಿನಲ್ಲಿ ನಿಸಾರ್ ಒಮ್ಮೆ ಹಿಂದಿರುಗಿ ನೋಡಿದ. ಕಿಟಕಿಯಲ್ಲಿ ಮುದಿ ಬೆರಳೊಂದು ಸಾಲಿನಿಂದ ಸಾಲಿಗೆ ಸರಿಯುತ್ತಿತ್ತು, ಒಂದಿಷ್ಟೂ ಅವಸರವಿಲ್ಲದೆ.