ಕೋಳಿ ಅನ್ನು

ಕೋಳಿ ಶೆಡ್ಡಿನ ಹಿಂದಿನ ಓಣಿಯ ನಲವತ್ತೊಂದು ಜನರ ಹೆಸರನ್ನು ಮತದಾರರ ಪಟ್ಟಿಯಿಂದ ಹೊಡೆದುಹಾಕಲು ಮಾಲೀಕ ಅರ್ಜಿ ಹಾಕಿದ. ಕಳೆದ ಚುನಾವಣೆಯಲ್ಲಿ ಅವನ ತಮ್ಮ ಸೋತದ್ದು ಹದಿನೇಳು ಮತಗಳಿಂದ.

ಓಣಿಯವರು ಗಡಿ ದಾಟಿ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಕಾಗದಪತ್ರವೆಲ್ಲ ಸರಿಯಿತ್ತು. 'ಳ' ಅನ್ನುವುದಕ್ಕೆ ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ. ದಿನಕ್ಕೆ ಎಂಟುನೂರು ಕೋಳಿ ಕೊಯ್ದೂ 'ಕೋಲಿ' ಅನ್ನುತ್ತಿದ್ದರು.

ಶೆಡ್ಡಿನಲ್ಲಿ ಇಲ್ಲೇ ಹುಟ್ಟಿ ಬೆಳೆದವಳು ಒಬ್ಬಳೇ, ಪುಕ್ಕ ಕೀಳುವವಳು. ಓಣಿಯ ಹುಡುಗನನ್ನು ಮೆಚ್ಚಿ ಮದುವೆಯಾದವಳು. ಓಣಿಯವರು ಹೊರಗಿನವರು ಅನ್ನುವುದಕ್ಕೆ ಅವಳನ್ನೇ ಸಾಕ್ಷಿಗೆ ನಿಲ್ಲಿಸಿದರು. ಪಟ್ಟಿಯ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ಕುರ್ಚಿಯಲ್ಲಿ ಕೂತ. ಶೆಡ್ಡಿನ ಮೇಸ್ತ್ರಿ ಕತ್ತು ಕೊಯ್ದ ಕೋಳಿಯೊಂದನ್ನು ಕಾಲು ಹಿಡಿದೆತ್ತಿದ.

"ಮೊದ್ಲು ನಿಮ್ಮತ್ತೆ ಬರ್ಲಿ. ಏ ಮುದುಕಿ, ಇದೇನೇ?"

ಅತ್ತೆ ಒಂದು ವಾರದಿಂದ ಸೊಸೆಯ ಬಾಯಿ ನೋಡಿ ನೋಡಿ ಕಲಿತಿದ್ದಳು. ಮೊನ್ನೆ ಒಮ್ಮೆ ಸರಿಯಾಗಿ ಬಂದೂ ಇತ್ತು. ಒದ್ದೆ ಕೈ ಒರೆಸಿಕೊಂಡು, ಪಾಠ ಒಪ್ಪಿಸುವವಳಂತೆ ನೆಟ್ಟಗೆ ನಿಂತು ಅಂದಳು: "ಕೋಲ್ಲಿ."

ಮೇಸ್ತ್ರಿ ಕೋಳಿಯನ್ನು ಅವಳ ಮುಖಕ್ಕೆ ಒತ್ತಿದ. "ಇನ್ನೊಂದ್ಸಲ ಅನ್ನೇ, ಮುಂಡೇದೇ! ಇದ್ನೇ ಕೊಯ್ದು ಹೊಟ್ಟೆ ಹೊರ್ಕೋತೀಯ, ಹೆಸ್ರು ಬರಲ್ವಾ?"

"ಕೋಲಿ. ಕೋಲಿ. ಕೋಲ್ಲಿ..." ಹನ್ನೊಂದನೆಯ ಸಲಕ್ಕೆ ದನಿ ಬಿದ್ದುಹೋಯಿತು. ಗಲ್ಲದಿಂದ ರಕ್ತ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

"ಏನಂದ್ರಮ್ಮಾ ನಿಮ್ಮತ್ತೆ?" ಅಧಿಕಾರಿ ಕೇಳಿದ.

"ಕೋಳಿ ಅಂದ್ರು, ಸಾರ್."

ಮೇಸ್ತ್ರಿ ಸೊಸೆಯ ಕೂದಲು ಹಿಡಿದೆಳೆದ. "ಕಿವೀಲಿ ಪುಕ್ಕ ತುಂಬ್ಕೊಂಡಿದ್ಯೇನೇ? ನಿನ್ ಹೆಸ್ರು ಪಟ್ಟೀಲಿರುತ್ತೆ, ಕೆಲ್ಸಾನೂ ಇರುತ್ತೆ ಅಂದಿಲ್ವಾ?"

ಅತ್ತೆ ಕೈಮುಗಿದಳು. "ಹೇಲ್ಬಿಡೇ ಮಗಲೇ. ನಿನ್ ಕೆಲ್ಸ ಆದ್ರೂ ಉಲೀಲಿ."

"ಕೇಳಿದ್ರಾ ಸಾರ್! ಸೊಸೆಗೆ ಹೇಲ್ಬಿಡು ಅಂತಾಳೆ!"

ಅಧಿಕಾರಿಯ ಕರವಸ್ತ್ರ ನಗುವಿಗೆ ಅಲುಗಾಡಿತು. ಅತ್ತೆಗೆ ಯಾಕೆ ನಗುತ್ತಾರೆಂದು ತಿಳಿಯಲಿಲ್ಲ. ತಾನೂ ಸ್ವಲ್ಪ ನಕ್ಕಳು.

ಸೊಸೆ ಆ ನಗುವನ್ನು ನೋಡಿದಳು.

"ಸಾಕು," ಅಧಿಕಾರಿ ಕಣ್ಣೊರೆಸಿಕೊಂಡ. "ನಿಮ್ಮತ್ತೆ ಹೊರಗಿನವ್ಳು ಅಂತ ಬರ್ಕೊಂಡಿದೀನಿ. ಸಾಕ್ಷಿಗೆ ಹೆಬ್ಬೆಟ್ಟು ಒತ್ತಮ್ಮ."

ಸೊಸೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಮೇಸ್ತ್ರಿ ಕೋಳಿಯನ್ನು ಬಿಸಾಕಿ, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಹಿಂದಕ್ಕೆ ಬಾಗಿಸತೊಡಗಿದ.

"ಮುರಿಯೋ," ಅಂದಳು. "ಒತ್ತಲ್ಲ."