ಐಸ್ ಗೋದಾಮಿನ ಕದ

ಸೂರ್ಯನಿಗೂ ಒಂದು ಮನೆಯಿದೆ, ಕತ್ತಲಾದರೆ ಅವನೂ ಅಲ್ಲಿಗೆ ಹೋಗಿ ಮಲಗುತ್ತಾನೆ ಎಂದು ಮಕ್ಕಳಿಗೆ ಹೇಳುವ ಕಾಲವೊಂದಿತ್ತು. ಆ ಬೇಸಿಗೆಯಲ್ಲಿ ಅವನು ಮನೆಯ ದಾರಿ ಮರೆತವನಂತೆ ಊರಿನ ನೆತ್ತಿಯ ಮೇಲೇ ಕೂತುಬಿಟ್ಟ. ಕಡಲು ಬಿಸಿಯಾಗಿ ಮೀನುಗಳು ಎಲ್ಲೋ ದೂರ ಸರಿದುಹೋದವು. ಇನ್ನು ಬಂದರಿನ ಐಸ್ ಫ್ಯಾಕ್ಟರಿಗೆ ಬೀಗವೇ ಗತಿ ಎಂದು ಎಲ್ಲರೂ ಅಂದುಕೊಂಡಿದ್ದರು. ಬೀಗ ಬೀಳಲಿಲ್ಲ. ಮೀನಿನ ಬುಟ್ಟಿಗಳು ನಿಲ್ಲುತ್ತಿದ್ದ ಗೇಟಿನಲ್ಲಿ ಐಸಿಗಾಗಿ ಮನುಷ್ಯರು ಬಂದು ನಿಂತರು.

ಅಲ್ಲಿ ಐಸಿನ ಗಡ್ಡೆ ಎತ್ತುವ ಕೆಲಸ ಐಸಕ್ಕನದು. ಹುಟ್ಟಿದಾಗ ಇಟ್ಟ ಹೆಸರು ಈಗ ಅವಳಿಗೇ ನೆನಪಿತ್ತೋ ಇಲ್ಲವೋ. ದೊಡ್ಡ ತೊಟ್ಟಿಯ ಕೊರೆಯುವ ಉಪ್ಪುನೀರಿನಲ್ಲಿ ತಗಡಿನ ಡಬ್ಬಗಳು ಸಾಲುಸಾಲಾಗಿ ಕುತ್ತಿಗೆಮಟ್ಟ ಮುಳುಗಿರುತ್ತಿದ್ದವು. ಒಳಗಿನ ಸಿಹಿನೀರು ಅಂಚಿನಿಂದ ಗಟ್ಟಿಯಾಗುತ್ತ ಬಂದು, ಎಲ್ಲಕ್ಕಿಂತ ಕಡೆಗೆ ನಡುವೆ ಹೆಪ್ಪುಗಟ್ಟುತ್ತಿತ್ತು. ನಡು ಬೆಳ್ಳಗಾಗುವ ತನಕ ಸಾಲನ್ನು ಮುಟ್ಟುವಂತಿಲ್ಲ. ಒಂದು ಸಾಲೆತ್ತಿ ಹೊಸ ನೀರು ತುಂಬಿ ಇಳಿಸಿದ ಮೇಲೆ, ತೊಟ್ಟಿ ಮತ್ತೆ ತಣಿಯುವವರೆಗೆ ಇನ್ನೊಂದನ್ನು ಎತ್ತುವಂತಿಲ್ಲ.

"ತೊಟ್ಟಿ ಅಂದ್ರೆ ಬಾಣಂತಿ ಇದ್ದ ಹಾಗೆ ಕಣಮ್ಮ, ಸುಧಾರಿಸ್ಕೊಳ್ಳೋಕೆ ಬಿಡ್ಬೇಕು" ಎನ್ನುತ್ತಿದ್ದ ಯಂತ್ರ ನೋಡಿಕೊಳ್ಳುವ ಉಪ್ಪಣ್ಣ. ತೊಟ್ಟಿಯ ನೀರನ್ನು ನಾಲಿಗೆಗೆ ಹಚ್ಚಿ ಉಪ್ಪು ನೋಡುವವನಾದ್ದರಿಂದ ಅವನಿಗೆ ಆ ಹೆಸರು.

ಐಸಕ್ಕನ ಮನೆಯಲ್ಲಿದ್ದವಳು ಅತ್ತೆ ಒಬ್ಬಳೇ. ಮಗ ತೀರಿಕೊಂಡ ಮೇಲೂ ಸೊಸೆಯನ್ನು ಬಿಟ್ಟುಕೊಡದ ಗಟ್ಟಿಗಿತ್ತಿ. ತಗಡಿನ ಮಾಡಿನ ಆ ಒಂಟಿ ಕೋಣೆ ಮಧ್ಯಾಹ್ನಕ್ಕೆ ಒಲೆಯಾಗುತ್ತಿತ್ತು.

"ನನ್ ಜೊತೆ ಗೋದಾಮಿಗೆ ಬನ್ನಿ ಅತ್ತೆ, ಒಂದು ಮೂಲೇಲಿ ತಣ್ಣಗೆ ಕೂತಿರಿ" ಎಂದು ಆ ಬೆಳಿಗ್ಗೆಯೂ ಐಸಕ್ಕ ಕರೆದಿದ್ದಳು.

"ನನ್ನೇನು ಮೀನು ಅಂದ್ಕೊಂಡ್ಯೇನೇ? ಈ ಮುದುಕಿ ಕೆಡೋದು ಕೆಟ್ಟು ಯಾವ ಕಾಲವಾಯ್ತು. ಹೋಗು, ನಿನ್ ಕೆಲಸ ನೋಡು."

ಮಧ್ಯಾಹ್ನ ಪಕ್ಕದ ಮನೆಯ ದರ್ಜಿ ಹೆಂಗಸು ಸೆರಗಿನಿಂದ ತಲೆ ಮುಚ್ಚಿಕೊಂಡು ಏದುಸಿರು ಬಿಡುತ್ತ ಬಂದಳು. "ಅಕ್ಕಾ, ನಿಮ್ಮತ್ತೆಗೆ ಬೆವರೇ ನಿಂತ್ಹೋಗಿದೆ. ಮೈ ಕೆಂಡ. ಏನೇನೋ ಬಡಬಡಿಸ್ತಿದ್ದಾರೆ."

ಗೋದಾಮಿನಲ್ಲಿದ್ದ ಗಡ್ಡೆಗಳು ಆಸ್ಪತ್ರೆಗೆಂದು ಮೀಸಲು. ತೊಟ್ಟಿಯಲ್ಲಿದ್ದವು ಇನ್ನೂ ಎಳೆಯವು. ಐಸಕ್ಕ ಒಂದು ಗಳಿಗೆ ಮಾತ್ರ ನಿಂತಳು. ಒಂದೇ ಒಂದು ಸಾಲು, ಅಷ್ಟಕ್ಕೆ ಏನಾದೀತು ಎಂದು ಸರಪಳಿ ಎಳೆದಳು. ಮೇಲೆ ಬಂದ ಗಡ್ಡೆಗಳ ಹೊಟ್ಟೆಯಲ್ಲಿ ನೀರು ಕುಲುಕುತ್ತಿತ್ತು. ಒಂದನ್ನು ಗೋಣಿಯಲ್ಲಿ ಸುತ್ತಿ ದರ್ಜಿಯ ಕೈಗೆ ಕೊಟ್ಟು ಕಳಿಸಿದಳು.

ಗೇಟಿನಲ್ಲಿ ನಿಂತವರಿಗೇನು ಕಣ್ಣಿರಲಿಲ್ಲವೇ?

"ಇಷ್ಟೊತ್ತೂ ಆಗಿಲ್ಲ ಆಗಿಲ್ಲ ಅಂದ್ಲಲ್ಲ, ಈಗ ಹೆಂಗಾಯ್ತು?"

"ಅವಳ ಅತ್ತೆಗೊಬ್ಬಳಿಗೇ ಸೆಕೆ. ನಮ್ಮಪ್ಪ ಏನು ಹಿಮದ ಗೊಂಬೆನಾ?"

ಐಸಕ್ಕ ಅವರಿಗೂ ಕೊಡತೊಡಗಿದಳು. ಸಾಲಿನ ಉಳಿದ ಗಡ್ಡೆಗಳೂ ಗೇಟು ದಾಟಿದವು. ಅದರ ಹಿಂದೆ ಮತ್ತೊಂದು ಸಾಲು, ಮಗದೊಂದು. ಖಾಲಿ ಡಬ್ಬಗಳಿಗೆ ಮಾಳಿಗೆಯ ಟ್ಯಾಂಕಿನಿಂದ ಇಳಿದದ್ದು ಕೈ ಸುಡುವ ನೀರು. ಉಪ್ಪಣ್ಣ ಬೇಡ ಬೇಡವೆಂದು ಕೂಗಿದ. ಗದ್ದಲದಲ್ಲಿ ಅವನ ಕೂಗು ಯಾರಿಗೆ ಬೇಕು? ಕೊನೆಗೆ ಅವನು ತೊಟ್ಟಿಯಲ್ಲಿ ಬೆರಳದ್ದಿ, ನಾಲಿಗೆಗೆ ಹಚ್ಚದೆ ಸುಮ್ಮನೆ ಒರೆಸಿಕೊಂಡ.

"ಮುಗೀತು. ನೀರು ಬೆಚ್ಚಗಾಯ್ತು. ಯಂತ್ರ ಎಷ್ಟು ಹೊಡಕೊಂಡ್ರೂ ನಾಳೆವರೆಗೆ ಒಂದು ಚೂರು ಐಸೂ ಕಟ್ಟಲ್ಲ."

ಹೊರಗೆ ಜನ ಒಯ್ದ ಗಡ್ಡೆಗಳು ಬೀದಿ ತಿರುಗುವುದರೊಳಗೆ ಬಿರಿದು, ಗೋಣಿಯಿಂದ ತೊಟ್ಟಿಕ್ಕುತ್ತಿದ್ದವು. ಆ ಒದ್ದೆ ಗೆರೆಗಳು ಕೂಡ ನೋಡನೋಡುತ್ತ ಆರಿಹೋಗುತ್ತಿದ್ದವು. ಐಸಕ್ಕ ಉಪ್ಪಣ್ಣನ ಕಡೆ ತಿರುಗಿದಳು. ಅತ್ತೆಗೆ ಕಳಿಸಿದ್ದೂ ಇದೇ ಗಡ್ಡೆ.

"ಐಸು ಮನೆಗೆ ಮುಟ್ಟಲ್ಲ ಅಣ್ಣಾ. ಜನಾನೇ ಐಸಿನ ಹತ್ರ ಬರ್ಲಿ. ಗೋದಾಮು ತೆಗಿ."

"ಆಸ್ಪತ್ರೆಯವರು ಕೇಳಿದ್ರೆ?"

"ಆಸ್ಪತ್ರೆಗೆ ಹೋಗ್ಬೇಕಾದವರೇ ಇಲ್ಲಿ ಬಂದು ಕೂರ್ತಾರೆ ಅನ್ನು."

ಅವಳು ಗೇಟಿನ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದಳು. ತಪ್ಪು ತನ್ನದು, ಐಸು ಇನ್ನಿಲ್ಲ, ತಣ್ಣನೆಯ ಕೋಣೆಯೊಂದಿದೆ. ಮುದುಕರನ್ನು, ಬಸುರಿಯರನ್ನು, ಎಚ್ಚರ ತಪ್ಪಿದವರನ್ನು ಹೊತ್ತು ತನ್ನಿ. ಆಗಷ್ಟೇ ಬಾಯಿಗೆ ಬಂದಂತೆ ಬೈದಿದ್ದ ಇಬ್ಬರು ಹಮಾಲರೇ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು.

ಗೋದಾಮಿನೊಳಗೆ ಜನ ಹೊಟ್ಟಿನ ಮೂಟೆಗಳ ಮೇಲೆ ಗೋಡೆಗೊರಗಿ ಕೂತರು. ಉಸಿರು ಹೊಗೆಯಾಗಿ ಏಳುತ್ತಿತ್ತು. ಅತ್ತೆ ಕಣ್ಣು ಬಿಟ್ಟಳು.

"ಕಡೆಗೂ ತಂದು ಹಾಕಿದ್ಯಲ್ಲೇ, ಹಟಮಾರಿ."

"ಹೂಂ ಅತ್ತೆ. ಮಾತಾಡ್ಬೇಡಿ."

ದಪ್ಪ ಕದ ಮುಚ್ಚಿತ್ತು. ಯಂತ್ರದ ಬಲವನ್ನೆಲ್ಲ ಬೆಚ್ಚಗಾದ ತೊಟ್ಟಿಯೇ ನುಂಗುತ್ತಿದ್ದುದರಿಂದ ಕೋಣೆಗೆ ಹೊಸ ತಂಪು ಬರುವಂತಿರಲಿಲ್ಲ, ಒಳಗಿದ್ದದ್ದಷ್ಟೇ ಬಂಡವಾಳ. ಕದ ತೆಗೆದಾಗೆಲ್ಲ ಅದು ಬಿಳಿ ಮಂಜಾಗಿ ಕಾಲಡಿಯಲ್ಲಿ ಹರಿದುಹೋಗುತ್ತಿತ್ತು. ಆದರೂ ಕದ ಬಡಿದವರಿಗೆಲ್ಲ ಐಸಕ್ಕ ತೆಗೆದಳು. ಒಬ್ಬ ಮುದುಕ ಬಂದ. ತುಂಬು ಬಸುರಿಯೊಬ್ಬಳು ಬಂದಳು. ಬಾಯಿಂದ ಏಳುತ್ತಿದ್ದ ಹೊಗೆ ಕಾಣದಾಯಿತು. ಗಡ್ಡೆಗಳ ಮೂಲೆಗಳು ದುಂಡಗಾದವು. ಅತ್ತೆಯ ಎದೆ ಮತ್ತೆ ಹಕ್ಕಿಯ ಎದೆಯಂತೆ ಹೊಡೆದುಕೊಳ್ಳತೊಡಗಿತು.

ಮತ್ತೆ ಕದ ಬಡಿದ ಸದ್ದು.

ದರ್ಜಿ ಹೆಂಗಸು ಐಸಕ್ಕನ ಕೈ ಹಿಡಿದಳು. "ಸಾಕು ಅಕ್ಕಾ, ತೆಗೀಬೇಡಿ. ನಿಮ್ಮತ್ತೆ ಮುಖ ನೋಡಿ."

ಐಸಕ್ಕ ಆ ಮುಖ ನೋಡಿದಳು. ತುಟಿ ಒಣಗಿ ಬಿರಿದಿತ್ತು. ಹೊರಗಿನವರು ಕದ ಬಡಿಯುತ್ತಲೇ ಇದ್ದರು.

"ಯಾರೋ ಬಂದ ಹಾಗಿದೆ" ಎಂದಳು ಅತ್ತೆ, ಮನೆಯ ಬಾಗಿಲಿಗೆ ಯಾರೋ ಬಂದಷ್ಟು ಸಹಜವಾಗಿ.

ಐಸಕ್ಕ ಹೋಗಿ ತೆಗೆದಳು. ತಂದೆಯನ್ನು ಬೆನ್ನ ಮೇಲೆ ಹೊತ್ತ ಹುಡುಗಿಯೊಬ್ಬಳು ಒಳಬಂದಳು, ಅವಳ ಹಿಂದೆಯೇ ಹೊರಗಿನ ಬಿಸಿಯೂ ಒಳಬಂತು. ಐಸಕ್ಕ ಮರಳಿ ಬಂದು ಅತ್ತೆಯ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು. ಆ ಭಾರ ಒಂದು ಹೊತ್ತಿನಲ್ಲಿ ಬದಲಾಯಿತು. ಹೊಡೆದುಕೊಳ್ಳುತ್ತಿದ್ದ ಎದೆ ಸುಮ್ಮನಾಗಿತ್ತು.

ಬಸುರಿ ಪಿಸುಗುಟ್ಟಿದಳು. "ಅಜ್ಜಿಗೆ ನಿದ್ದೆ ಬಂತಾ?"

ಇಲ್ಲವೆಂದರೆ ಇಷ್ಟೂ ಜನ ದಿಗಿಲುಬಿದ್ದು ಏಳುತ್ತಾರೆ, ಹೊರಗೆ ಬಿಸಿಲು ಕಾದು ಕೂತಿದೆ.

"ಹೂಂ" ಎಂದಳು ಐಸಕ್ಕ. "ಮೆಲ್ಲಗೆ ಮಾತಾಡು."

ಅಷ್ಟರಲ್ಲಿ ಮತ್ತೆ ಯಾರೋ ಕದ ಬಡಿದರು. ಅವಳು ಅತ್ತೆಯ ತಲೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಸೆರಗು ಸರಿಮಾಡಿ, ಎದ್ದು ಹೋದಳು.